ಶರ್ಲಿ ಹಾರ್ನ್ ಲೈವ್ ಆಲ್ಬಂ: ಇಷ್ಟು ನಿಧಾನವಾಗಿ ಹಾಡಿದರೂ ಹಾಡು ಬಿದ್ದುಹೋಗಲ್ಲವಲ್ಲ, ಹೇಗೆ?

ಮಂದ್ರಸ್ಥಾಯಿ · ಶನಿವಾರ, ರಾತ್ರಿ 11:40

ಎರಡು ವಾರದಿಂದ ಒಂದೇ ಆಲ್ಬಂ ಕೇಳ್ತಿದ್ದೀನಿ. ಅಮೆರಿಕದ ಜಾಝ್ ಗಾಯಕಿ, ಪಿಯಾನೊ ವಾದಕಿ ಶರ್ಲಿ ಹಾರ್ನ್ ಅವರ ‘ಲೈವ್ ಅಟ್ ದ ಫೋರ್ ಕ್ವೀನ್ಸ್’. 1988ರ ಮೇ 2ರಂದು ಲಾಸ್ ವೇಗಸ್‌ನ ಫೋರ್ ಕ್ವೀನ್ಸ್ ಹೋಟೆಲಿನಲ್ಲಿ ನಡೆದ ಕಛೇರಿ. ಅಲ್ಲಿ ಪ್ರತಿ ಸೋಮವಾರ ರಾತ್ರಿ ಜಾಝ್ ಇರುತ್ತಿತ್ತು, ಕೆಎನ್‌ಪಿಆರ್ ಅನ್ನೋ ರೇಡಿಯೊದವರು ಅದನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ಈ ಟೇಪು ಎಲ್ಲೋ ಮೂಲೆಯಲ್ಲಿ ಕೂತಿದ್ದು, 28 ವರ್ಷ ಆದಮೇಲೆ, 2016ರಲ್ಲಿ, ರೆಸೊನೆನ್ಸ್ ಕಂಪನಿಯಿಂದ ಹೊರಗೆ ಬಂತು. ಹಾರ್ನ್ ಹುಟ್ಟಿದ್ದು 1934ರ ಮೇ 1ರಂದು. ಅಂದರೆ ಹಿಂದಿನ ದಿನವಷ್ಟೇ 54 ತುಂಬಿತ್ತು.

ಮೂರೇ ಜನ. ಪಿಯಾನೊ ಮತ್ತು ಹಾಡು ಹಾರ್ನ್, ಬೇಸ್ ಚಾರ್ಲ್ಸ್ ಏಬಲ್ಸ್, ಡ್ರಮ್ಸ್ ಸ್ಟೀವ್ ವಿಲಿಯಮ್ಸ್.

ನನ್ನ ಪ್ರಶ್ನೆ ಇದು. ‘ಲವರ್ ಮ್ಯಾನ್’ ಹಾಡನ್ನು ಎಷ್ಟು ನಿಧಾನಕ್ಕೆ ತೆಗೆದುಕೊಂಡಿದ್ದಾರೆ ಅಂದರೆ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ನಾನು ಉಸಿರು ಬಿಟ್ಟು ಮತ್ತೆ ಎಳೆದುಕೊಳ್ಳಬಹುದು. ಬೇರೆ ಯಾರಾದರೂ ಹೀಗೆ ಹಾಡಿದರೆ ಹಾಡು ಅಲ್ಲೇ ಕುಸಿದು ಕೂರುತ್ತೆ. ಇಲ್ಲಿ ಹಾಗಾಗಲ್ಲ. ಆ ಖಾಲಿ ಜಾಗದಲ್ಲೂ ಹಾಡು ನಡೀತಾನೇ ಇರುತ್ತೆ. ಇದು ಹೇಗೆ? ಸಂಗೀತ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಸಂಜೆಮಲ್ಲಿಗೆ · ಭಾನುವಾರ, ಬೆಳಿಗ್ಗೆ 8:15

ನಿಮಗೆ ಇಷ್ಟವಾಗಿದೆ ಅಂತ ಗೊತ್ತು, ಆದರೂ ನನ್ನ ಅನುಭವ ಹೇಳಿಬಿಡ್ತೀನಿ. ಹಾರ್ನ್ ಅವರನ್ನು ಮೂರು ಸಲ ಕೇಳಲು ಕೂತೆ, ಮೂರು ಸಲವೂ ಅರ್ಧಕ್ಕೆ ಬಿಟ್ಟೆ. ಸಾರಾ ವಾನ್ ಕೇಳಿ ಬೆಳೆದ ಕಿವಿ ನನ್ನದು. ಆ ಕಂಠ ಒಂದೇ ಸಾಲಿನಲ್ಲಿ ಕೆಳಗಿನಿಂದ ಮೇಲಿನವರೆಗೆ ಹರಿದು ಬರುತ್ತೆ. ಹಾರ್ನ್ ಅವರದು ಪಿಸುಮಾತಿನ ಹಾಗಿರೋ ಚಿಕ್ಕ ದನಿ. ಅದನ್ನು ಇಷ್ಟು ಎಳೆದರೆ ಏನು ಉಳಿಯುತ್ತೆ? ಜೊತೆಗೆ ಕ್ಲಬ್ ರೆಕಾರ್ಡಿಂಗ್ ಬೇರೆ. ಸ್ಟುಡಿಯೊದಲ್ಲಿ ಮಾಡಿದ್ದು ಇದಕ್ಕಿಂತ ಚೆನ್ನಾಗಿರಬೇಕು ಅಲ್ವಾ?

ಕರಿಮನೆ_ಬಿಳಿಮನೆ · ಭಾನುವಾರ, ಮಧ್ಯಾಹ್ನ 2:05

ಇಪ್ಪತ್ತು ವರ್ಷದಿಂದ ಸುಗಮ ಸಂಗೀತದ ತಂಡಗಳಿಗೆ ಕೀಬೋರ್ಡ್ ನುಡಿಸ್ತಿದ್ದೀನಿ, ಹಾಗಾಗಿ ಕೈಗೆ ಗೊತ್ತಿರುವುದನ್ನು ಹೇಳ್ತೀನಿ.

ಹಾಡುವವರು ಬೇರೆ, ನುಡಿಸುವವರು ಬೇರೆ ಆದಾಗ ನಮ್ಮ ಅರ್ಧ ಗಮನ ಅವರ ಭುಜದ ಮೇಲಿರುತ್ತೆ. ಭುಜ ಮೇಲೇಳ್ತು ಅಂದರೆ ಉಸಿರು ತಗೊಂಡರು, ಇನ್ನೇನು ಸಾಲು ಬಂತು ಅಂತ ಲೆಕ್ಕ. ಬರಲಿಲ್ಲ ಅಂದರೆ ಗಾಬರಿಯಾಗಿ ಒಂದು ಬಿಟ್ ತುರುಕ್ತೀವಿ. ಖಾಲಿ ಬಿಟ್ಟರೆ ಮರೆತುಹೋಯ್ತೇನೋ ಅಂದುಕೊಳ್ತಾರಲ್ಲ ಸಭಿಕರು. ಈ ಭಯದಿಂದಲೇ ನಮ್ಮ ಭಾವಗೀತೆ ಕಾರ್ಯಕ್ರಮಗಳಲ್ಲಿ ಕೊಳಲು, ಕೀಬೋರ್ಡು, ತಬಲಾ ಮೂರೂ ಸೇರಿ ಕವಿಯ ಒಂದು ಸಾಲು ಮುಗಿಯುವುದರೊಳಗೆ ಮೇಲೆ ಬಿದ್ದಿರ್ತೀವಿ.

ಹಾರ್ನ್‌ಗೆ ಆ ಭಯ ಇಲ್ಲ. ಮುಂದಿನ ಮಾತು ಯಾವಾಗ ಬರುತ್ತೆ ಅನ್ನೋದು ಅವರ ಕೈಗೆ ಮೊದಲೇ ಗೊತ್ತು, ಏಕೆಂದರೆ ಆ ಮಾತು ಆಡುವವರೂ ಅವರೇ. ‘ಲವರ್ ಮ್ಯಾನ್’ನಲ್ಲಿ ಹೀಗೆ ಕೇಳಿ ನೋಡಿ. ಮೊದಲು ಕಾರ್ಡ್ (ಒಟ್ಟಿಗೆ ಒತ್ತುವ ಕೆಲವು ಸ್ವರಗಳ ಗೊಂಚಲು) ಬೀಳುತ್ತೆ, ಅದು ಕರಗಲು ಶುರುವಾಗುತ್ತೆ, ಆಗ ಮಾತು ಬರುತ್ತೆ. ಇನ್ನೊಂದು ಕಡೆ ಉಲ್ಟಾ. ಮಾತು ಒಂಟಿಯಾಗಿ ನಿಂತಿರುತ್ತೆ, ಆಮೇಲೆ ಕೆಳಗಿನಿಂದ ಕಾರ್ಡ್ ಬಂದು ಅದೇ ಮಾತಿನ ಬಣ್ಣ ಬದಲಾಯಿಸಿಬಿಡುತ್ತೆ. ಈ ಅದಲುಬದಲನ್ನು ಇಬ್ಬರು ಮಾಡಲು ಹೊರಟರೆ ನೂರು ಸಲ ತಾಲೀಮು ಬೇಕು. ಮೂಲಸ್ವರವನ್ನು ಅವರು ಹೆಚ್ಚಾಗಿ ಏಬಲ್ಸ್ ಅವರ ಎಲೆಕ್ಟ್ರಿಕ್ ಬೇಸಿಗೇ ಬಿಡ್ತಾರೆ, ಎಡಗೈ ನಡುವಿನ ಸ್ವರಗಳನ್ನಷ್ಟೇ ಹಿಡಿದಿರುತ್ತೆ. ಅದಕ್ಕೇ ಕಾರ್ಡು ಭಾರ ಅನ್ನಿಸದೆ ತೇಲಿದ ಹಾಗೆ ಕೇಳೋದು.

ನಿಮ್ಮ ಪ್ರಶ್ನೆ ಓದಿದ ಮೇಲೆ ಇವತ್ತು ಬೆಳಿಗ್ಗೆ ಒಂದು ಪ್ರಯತ್ನ ಮಾಡಿದೆ. ನನಗೆ ಬಾಯಿಪಾಠ ಇರೋ ಒಂದು ಭಾವಗೀತೆಯನ್ನು ಮಾಮೂಲಿ ವೇಗದ ಅರ್ಧಕ್ಕಿಳಿಸಿ ನಾನೇ ಹಾಡ್ತಾ ನುಡಿಸಿದೆ. ಎರಡನೇ ಸಾಲಿಗೇ ನನ್ನ ಬಲಗೈ ತಾನಾಗಿ ಸ್ವರ ತುಂಬಲು ಹೋಯ್ತು. ತಡೆದು ತೊಡೆ ಮೇಲಿಟ್ಟುಕೊಂಡೆ. ಆಗ ಗೊತ್ತಾಯ್ತು, ನಿಜವಾದ ಕೆಲಸ ಮಾಡೋದು ಪಾದ. ಸಸ್ಟೇನ್ ಪೆಡಲ್ ಒತ್ತಿ ಹಿಡಿದರೆ ಕಾರ್ಡು ಗಾಳಿಯಲ್ಲಿ ನಿಂತಿರುತ್ತೆ, ನಾನು ಅದರ ಮೇಲೆ ಕೂತು ಮುಂದಿನ ಮಾತಿಗೆ ಕಾಯಬಹುದು. ಸ್ವಲ್ಪ ಬೇಗ ಬಿಟ್ಟರೆ ನೆಲವೇ ಕುಸೀತು. ಸ್ವಲ್ಪ ತಡವಾದರೆ ಹಳೇ ಕಾರ್ಡು ಹೊಸದರ ಜೊತೆ ಕಲಸಿ ರಾಡಿ. ಮಂದ್ರಸ್ಥಾಯಿ ಅವರೇ, ನೀವು ಹೇಳಿದ ಆ ಖಾಲಿ ಜಾಗ ಖಾಲಿ ಅಲ್ಲ. ಅಲ್ಲಿ ಪಾದ ದುಡೀತಿರುತ್ತೆ.

ಧಾರವಾಡದ_ಕಿವಿ · ಭಾನುವಾರ, ಸಂಜೆ 6:30

ಭಾಳ ಛಲೋ ಬರದೀರಿ. ನಾನು ಸಣ್ಣಾವಿದ್ದಾಗಿಂದ ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣಾದ ಗಾಯನ ಕೇಳಕೋತ ಬಂದಾಂವ. ನಮಗ ವಿಲಂಬಿತ (ನಿಧಾನ ಲಯ) ಅಂದ್ರ ಹೆದರಿಕಿ ಇಲ್ಲ. ಅತಿವಿಲಂಬಿತ ಏಕತಾಲದಾಗ ಹನ್ನೆರಡು ಮಾತ್ರಾ, ಒಂದೊಂದನ್ನೂ ನಾಕಾಗಿ ಒಡದ್ರ ನಲವತ್ತೆಂಟು. ಇಷ್ಟು ದೊಡ್ಡ ಆವರ್ತನದಾಗ ಗಾಯಕ ದಾರಿ ತಪ್ಪಬಾರದು ಅಂತ ತಬಲಾದಾಂವ ನಡುನಡುವ ಸಣ್ಣ ಬೋಲ್ ಹಾಕ್ಕೋತ ಹಾದಿ ತೋರಸ್ತಿರ್ತಾನ. ಇಲ್ಲಿ ವಿಲಿಯಮ್ಸ್ ಡ್ರಮ್ಮಿನ ತಂತಿ ಬ್ರಶ್ ಹಿಡಕೊಂಡು ಮಾಡೋದೂ ಅದ. ಕೋಲಿನಿಂದ ಬಾರಿಸಿದ್ರ ಏಟಿನ ನಡುವ ಬರೀ ಮೌನ. ಬ್ರಶ್ ಹಂಗಲ್ಲ, ಚರ್ಮದ ಮ್ಯಾಲ ಗುಂಡಗ ತಿರುಗತದ, ಸಪ್ಪಳ ಹರಿಯೂದು ನಿಲ್ಲೂದಿಲ್ಲ. ಅದರ ಮ್ಯಾಲ ಹಾರ್ನ್ ಬಾಯಿ ಎಷ್ಟ ಹೊತ್ತು ಸುಮ್ಮನಿದ್ದರೂ ಕಾಲ ಕೈತಪ್ಪೂದಿಲ್ಲ.

ಮಂದ್ರಸ್ಥಾಯಿ · ಭಾನುವಾರ, ರಾತ್ರಿ 9:10

ಪೆಡಲ್ ವಿಷಯ ಓದಿ ಮತ್ತೆ ಹೆಡ್‌ಫೋನ್ ಹಾಕಿಕೊಂಡೆ. ಈಗ ಅದು ಬಿಟ್ಟು ಬೇರೇನೂ ಕಿವಿಗೆ ಬೀಳ್ತಿಲ್ಲ! ಧಾರವಾಡದವರ ವಿಲಂಬಿತದ ಮಾತೂ ಮನಸ್ಸಿಗೆ ಹತ್ತಿರ ಬಂತು, ಆದರೆ ಒಂದು ತಕರಾರಿದೆ. ಖಯಾಲಿನಲ್ಲಿ ಎರಡು ಸಾಲಿನ ಬಂದಿಶ್ ಸಾಕು, ಮಾತು ಒಂದು ನೆಪ, ರಾಗ ಬೆಳೆಯಬೇಕು. ಹಾರ್ನ್‌ಗೆ ಮಾತೇ ಎಲ್ಲ. ಅವರು ನಿಧಾನ ಮಾಡೋದು ರಾಗ ವಿಸ್ತಾರಕ್ಕಲ್ಲ, ಒಂದು ಪದ ಪೂರ್ತಿ ಮನಸ್ಸಿಗಿಳಿಯಲಿ ಅಂತ. ಇನ್ನೊಂದು, ಸಮ್ (ತಾಳದ ಆವರ್ತನದ ಮೊದಲ ಏಟು) ಹತ್ತಿರ ಬಂದಾಗ ನಮ್ಮ ಸಭೆಯೆಲ್ಲ ತಲೆ ಆಡಿಸಲು ಸಿದ್ಧವಾಗಿರುತ್ತೆ. ಹಾರ್ನ್ ಆ ಜಾಗಕ್ಕೆ ಸರಿಯಾಗಿ ಬರೋದೇ ಅಪರೂಪ. ಏಟು ಬಿದ್ದು ಹೋದ ಮೇಲೆ ಅವರ ಮಾತು ಬರುತ್ತೆ.

ಧಾರವಾಡದ_ಕಿವಿ · ಭಾನುವಾರ, ರಾತ್ರಿ 9:45

ಒಪ್ಪಿದೆ. ಹೋಲಿಕಿ ಅರ್ಧದಾರಿ ಮಟ ಬರ್ತದ, ಮುಂದ ಬ್ಯಾರೆ ಊರು. ಆದ್ರ ಕಾಯೋ ತಾಳ್ಮಿ ಮಾತ್ರ ಎರಡೂ ಕಡೆ ಒಂದ.

ಕಡಲತೀರದವಳು · ಸೋಮವಾರ, ಬೆಳಿಗ್ಗೆ 7:20

ನನಗೆ ಜಾಝ್ ಹೊಸತು, ಈ ಮಾತುಕತೆ ಓದಿ ನಿನ್ನೆ ರಾತ್ರಿ ಮೊದಲ ಸಲ ಕೇಳಿದೆ. ಕೇಳುವಾಗ ನನ್ನ ಕಣ್ಣಿಗೆ ಬಂದದ್ದು ಯಕ್ಷಗಾನದ ಭಾಗವತರು. ಅವರೂ ಹಾಗೇ ಅಲ್ಲವಾ? ಪದ ಹೇಳುವುದೂ ಅವರೇ, ಕೈಯಲ್ಲಿ ತಾಳ ಹಿಡಿದು ಹೊಡೆಯುವುದೂ ಅವರೇ. ಮದ್ದಳೆ, ಚೆಂಡೆಯವರು ಅವರ ಕೈ ನೋಡಿಕೊಂಡೇ ನುಡಿಸಬೇಕು. ಕರುಣರಸದ ಪದ ಬಂದಾಗ ಭಾಗವತರು ಲಯ ಇಳಿಸುತ್ತಾರೆ, ವೇಷಧಾರಿ ಅಲ್ಲೇ ನಿಂತುಬಿಡುತ್ತಾನೆ, ಚೆಂಡೆ ಸುಮ್ಮನಾಗುತ್ತದೆ, ಮದ್ದಳೆಯ ಮೇಲೆ ಬೆರಳು ಮಾತ್ರ ಆಡುತ್ತಿರುತ್ತದೆ. ಆ ಹೊತ್ತಿಗೆ ಬಯಲಲ್ಲಿ ಕೂತವರಿಗೆ ನಿದ್ದೆ ಬರುವುದಿಲ್ಲ, ಎಚ್ಚರ ಜಾಸ್ತಿಯಾಗುತ್ತದೆ. ಹಾರ್ನ್ ಅವರ ಕೈಯಲ್ಲೂ ಇಡೀ ಆಟವೇ ಇದೆ ಅಂತ ಅನಿಸಿತು. ತಪ್ಪಿದ್ದರೆ ತಿದ್ದಿ.

ಕರಿಮನೆ_ಬಿಳಿಮನೆ · ಸೋಮವಾರ, ಬೆಳಿಗ್ಗೆ 10:00

ತಿದ್ದುವುದೇನೂ ಇಲ್ಲ. ಇಷ್ಟು ಉದ್ದ ಬರೆದ ನನಗೆ ಇದು ಹೊಳೆದಿರಲಿಲ್ಲ. ಕೈ ನೋಡಿಕೊಂಡು ನುಡಿಸೋದು, ಅದೇ ಸರಿಯಾದ ಮಾತು. ಈ ಮೂವರು ಸುಮಾರು ಕಾಲು ಶತಮಾನ ಜೊತೆಗಿದ್ದವರು.

ಪೊಟೊಮ್ಯಾಕ್_ಕನ್ನಡಿಗ · ಸೋಮವಾರ, ಸಂಜೆ 7:50

ವಾಷಿಂಗ್ಟನ್‌ ಹತ್ತಿರ ಇರೋನು ನಾನು. ಹಾರ್ನ್ ಈ ಊರಿನವರೇ, ಹುಟ್ಟಿದ್ದು ಇಲ್ಲೇ, ತೀರಿಕೊಂಡಿದ್ದೂ ಇಲ್ಲೇ ಹತ್ತಿರದಲ್ಲಿ. ನಾನಿಲ್ಲಿಗೆ ಬರುವ ಹೊತ್ತಿಗೆ ಅವರು ಹೋಗಿ ವರ್ಷಗಳೇ ಆಗಿದ್ದವು, ಆದರೂ ಅವರನ್ನು ನಮ್ಮೂರವರು ಅಂತಲೇ ಅಂದುಕೊಳ್ತೀನಿ. ಸಂಜೆಮಲ್ಲಿಗೆ ಅವರು ಸ್ಟುಡಿಯೊ ಚೆನ್ನಾಗಿರಬೇಕಲ್ವಾ ಅಂತ ಕೇಳಿದ್ದರು. ಅದಕ್ಕೆ ಉತ್ತರ ಅವರ ಜೀವನದಲ್ಲೇ ಇದೆ, ಸ್ವಲ್ಪ ಉದ್ದವಾಗುತ್ತೆ, ಓದಿ.

ನಾಲ್ಕು ವರ್ಷದ ಮಗುವಾಗಿದ್ದಾಗಲೇ ಪಿಯಾನೊ ಮುಂದೆ ಕೂತವರು. ಹನ್ನೆರಡಕ್ಕೆ ಹೊವಾರ್ಡ್ ವಿಶ್ವವಿದ್ಯಾಲಯದ ಕಿರಿಯರ ಸಂಗೀತ ಶಾಲೆ. ಮುಂದೆ ನ್ಯೂಯಾರ್ಕಿನ ಜೂಲಿಯಾರ್ಡ್‌ನಲ್ಲಿ ಅವಕಾಶ ಸಿಕ್ಕಿತು, ಮನೆಯಲ್ಲಿ ಅಷ್ಟು ದುಡ್ಡಿರಲಿಲ್ಲ. ಆಗಿನ ಅವರ ದೇವರುಗಳು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರಾಕ್‌ಮನಿನಾಫ್ ಮತ್ತು ಡೆಬ್ಯುಸಿ. ಜಾಝ್ ಕಡೆ ತಿರುಗಿದ ಮೇಲೆ ಆಸ್ಕರ್ ಪೀಟರ್‌ಸನ್ ನನ್ನ ರಾಕ್‌ಮನಿನಾಫ್ ಆದರು, ಅಹ್ಮದ್ ಜಮಾಲ್ ನನ್ನ ಡೆಬ್ಯುಸಿ ಆದರು ಅಂತ ಹೇಳಿಕೊಂಡಿದ್ದಾರೆ (ಇಬ್ಬರೂ ಜಾಝ್ ಪಿಯಾನೊ ವಾದಕರು). ಫೋರ್ ಕ್ವೀನ್ಸ್ ಕಛೇರಿ ಮುಗಿಯೋದು ಪೀಟರ್‌ಸನ್ ರಚಿಸಿದ ‘ಬ್ಲೂಸ್ ಫಾರ್ ಬಿಗ್ ಸ್ಕೋಷಿಯಾ’ದಿಂದ. ಅದನ್ನು ಕೇಳುವಾಗ ಈ ಮಾತು ನೆನಪಿಟ್ಟುಕೊಳ್ಳಿ.

ಹಾಡಲು ಶುರುಮಾಡಿದ್ದು ಒಂದು ಟೆಡ್ಡಿ ಬೇರ್‌ಗೋಸ್ಕರ. ಹದಿಹರೆಯದ ಹುಡುಗಿ, ಒಂದು ರೆಸ್ಟೊರೆಂಟಿನಲ್ಲಿ ತಲೆ ತಗ್ಗಿಸಿ ಪಿಯಾನೊ ನುಡಿಸ್ತಿದ್ದಳು, ಬಾಯಿ ಬಿಡುವವಳಲ್ಲ. ಕ್ರಿಸ್‌ಮಸ್ ಹತ್ತಿರ ಬಂದಾಗ ದಿನಾ ಬರುತ್ತಿದ್ದ ಹಿರಿಯರೊಬ್ಬರು ದೊಡ್ಡ ಗೊಂಬೆ ಕರಡಿ ಹಿಡಿದುಕೊಂಡು ಬಂದು, ನನಗಿಷ್ಟದ ಹಾಡು ಹಾಡಿದರೆ ಇದು ನಿನ್ನದು ಅಂದರಂತೆ. ಹಾಡಿದಳು. (ನೀನಾ ಸಿಮೋನ್ ಕೂಡ ಪಿಯಾನೊಗೆಂದೇ ಸೇರಿಕೊಂಡವರು. 1954ರಲ್ಲಿ ಅಟ್ಲಾಂಟಿಕ್ ಸಿಟಿಯ ಬಾರಿನಲ್ಲಿ ಮಾಲೀಕ ಹಾಡಲೇಬೇಕು ಅಂದದ್ದಕ್ಕೆ ಹಾಡುಗಾರ್ತಿ ಆದರು.)

1960ರ ‘ಎಂಬರ್ಸ್ ಅಂಡ್ ಆಶಸ್’ ಆಲ್ಬಂ ಹೆಚ್ಚು ಜನ ಕೇಳಲಿಲ್ಲ, ಆದರೆ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಕೇಳಿದರು. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ತಮ್ಮ ಕಛೇರಿಗೆ ಮೊದಲು ಇವರೇ ಹಾಡಬೇಕು, ಇಲ್ಲದಿದ್ದರೆ ನಾನು ನುಡಿಸಲ್ಲ ಅಂತ ಹಟ ಹಿಡಿದರು. ಹಾರ್ನ್ ಡೇವಿಸ್ ಮನೆಗೆ ಹೋದಾಗ ಅಲ್ಲಿನ ಮಕ್ಕಳು ಇವರ ಆಲ್ಬಮಿನ ಹಾಡುಗಳನ್ನು ಗುನುಗುತ್ತಿದ್ದವಂತೆ.

ಈಗ ಸ್ಟುಡಿಯೊ ವಿಷಯ. 1963ರಲ್ಲಿ ಮರ್ಕ್ಯುರಿ ಕಂಪನಿ ಅವರನ್ನು ಕರೆದು ದೊಡ್ಡ ವಾದ್ಯವೃಂದದ ಮುಂದೆ ನಿಲ್ಲಿಸಿತು. ಪಿಯಾನೊ ಮುಂದೆ ಬೇರೊಬ್ಬರು. ಒಳ್ಳೆಯ ವಾದಕರೇ, ಆದರೆ ಬೇರೊಬ್ಬರು. ಕ್ವಿನ್ಸಿ ಜೋನ್ಸ್ ಅಂಥವರು ಬೆನ್ನಿಗಿದ್ದರೂ ಹಾರ್ನ್‌ಗೆ ಅದು ಹಿತವೆನಿಸಲಿಲ್ಲ. ಆ ಆಲ್ಬಮುಗಳಲ್ಲಿ ದನಿ ಅದೇ, ಆ ಕಾಯುವಿಕೆ ಮಾತ್ರ ಇಲ್ಲ. ಆಮೇಲೆ ಅವರು ಮಗಳನ್ನು ಬೆಳೆಸುತ್ತಾ ವಾಷಿಂಗ್ಟನ್ ಸುತ್ತಮುತ್ತಲೇ ನುಡಿಸಿಕೊಂಡಿದ್ದರು. ಹೊರಗಿನ ಜಗತ್ತು ಮರೆತೇಬಿಟ್ಟಿತ್ತು ಅನ್ನಬಹುದು.

1987ರಲ್ಲಿ ವರ್ವ್ ಕಂಪನಿ ಕರೆಯಿತು. ಆಗ ಮೊದಲು ಬಂದದ್ದು ಸ್ಟುಡಿಯೊ ಆಲ್ಬಮಲ್ಲ. ಹಾಲಿವುಡ್‌ನ ವೈನ್ ಸ್ಟ್ರೀಟ್ ಬಾರ್ ಅಂಡ್ ಗ್ರಿಲ್‌ನಲ್ಲಿ ಇದೇ ಮೂವರ ಲೈವ್, ‘ಐ ಥಾಟ್ ಅಬೌಟ್ ಯೂ’. ನನ್ನ ಪ್ರಕಾರ ಅದಕ್ಕಿಂತ ಸರಿಯಾದ ನಿರ್ಧಾರ ಇನ್ನೊಂದಿಲ್ಲ. ಮಂದ್ರಸ್ಥಾಯಿ ಅವರ ಫೋರ್ ಕ್ವೀನ್ಸ್ ಅದಾದ ಮರುವರ್ಷದ್ದು.

ಕರಿಮನೆ_ಬಿಳಿಮನೆ · ಸೋಮವಾರ, ರಾತ್ರಿ 9:30

ಇದಕ್ಕೆ ಒಂದು ಮಾತು ಸೇರಿಸಲೇಬೇಕು. 1992ರ ‘ಹಿಯರ್ಸ್ ಟು ಲೈಫ್’ನಲ್ಲಿ ದೊಡ್ಡ ವಯಲಿನ್ ವೃಂದ ಇದೆ, ಆದರೆ ಅಲ್ಲಿ ಮರ್ಕ್ಯುರಿಯ ತಪ್ಪಾಗಲಿಲ್ಲ. ಮೊದಲು ಹಾರ್ನ್ ತಮ್ಮ ತಂಡದ ಜೊತೆ ಕೂತು ತಮ್ಮ ಲಯದಲ್ಲೇ ಹಾಡಿ ಮುಗಿಸಿದರು. ಆಮೇಲೆ ಜಾನಿ ಮ್ಯಾಂಡೆಲ್ ಆ ಉಸಿರಿನ ಸುತ್ತ ವಯಲಿನ್‌ಗಳನ್ನು ಬರೆದರು. ನಾನು ಟ್ರ್ಯಾಕ್ ಸಂಗೀತದಲ್ಲಿ ಕೆಲಸ ಮಾಡಿದವನು. ನಮ್ಮಲ್ಲಿ ಎಲ್ಲ ವಾದ್ಯ ಮುಗಿದು, ಲಯ ಎಣಿಸೋ ಕ್ಲಿಕ್ ಸದ್ದನ್ನು ಕಿವಿಗೆ ಹಾಕಿ, ಕೊನೆಗೆ ಗಾಯಕಿಯನ್ನು ಕರೀತೀವಿ. ನಾಲ್ಕು ಗಂಟೆಯಲ್ಲಿ ಹಾಡಿ ಹೋಗಬೇಕು. ಒಂದು ಸಲವಾದರೂ ಆ ಕ್ರಮವನ್ನು ತಿರುವಿ ಹಾಕಿ ನೋಡಬೇಕು ಅಂತ ನನಗೆ ತುಂಬಾ ಆಸೆ.

ಸಂಜೆಮಲ್ಲಿಗೆ · ಮಂಗಳವಾರ, ಬೆಳಿಗ್ಗೆ 8:40

ಇಷ್ಟೆಲ್ಲ ಓದಿದ ಮೇಲೆ ನಾಲ್ಕನೇ ಸಲ ಕೇಳದೆ ಇರೋಕಾಗಲಿಲ್ಲ. ಈ ಸಲ ನಿಧಾನದ ಹಾಡಿನಿಂದ ಶುರು ಮಾಡದೆ ಕಛೇರಿಯ ಕ್ರಮದಲ್ಲೇ ಮೊದಲಿನಿಂದ ಕೇಳಿದೆ. ಮತ್ತು ನನಗೆ ನಿಮ್ಮೆಲ್ಲರ ಮೇಲೆ ಒಂದು ದೂರು ಇದೆ!

ಹಾರ್ನ್ ಅಂದರೆ ನಿಧಾನ, ನಿಧಾನ ಅಂತ ಎಲ್ಲರೂ ಹೇಳಿ ಹೇಳಿ ನನ್ನಂಥವರನ್ನು ದಾರಿ ತಪ್ಪಿಸಿದ್ದೀರಿ. ಆಲ್ಬಂ ಶುರುವಾಗೋದು ರ‍್ಯಾಂಡಿ ವೆಸ್ಟನ್ ಅವರ ‘ಹೈ-ಫ್ಲೈ’ನಿಂದ. ಹಾಡೇ ಇಲ್ಲ, ಬರೀ ವಾದನ. ಅಲ್ಲಿ ಆ ಕೈಗಳಲ್ಲಿ ಎಂಥ ಜಿಗಿತ! ಅದಾದ ಮೇಲೆ ಬರೋ ಹಾಡೂ ಉಯ್ಯಾಲೆ ಮೇಲೆ ಕೂತ ಹಾಗಿದೆ. ಆಮೇಲೆ ‘ಲವರ್ ಮ್ಯಾನ್’ ಬಂದಾಗ ನನಗೆ ಮೊದಲ ಸಲ ಅರ್ಥವಾಯ್ತು. ಓಡಬಲ್ಲವರು ಬೇಕಂತಲೇ ನಿಂತಿದ್ದಾರೆ. ಬರೀ ಆ ಹಾಡನ್ನಷ್ಟೇ ಯಾವುದೋ ಪಟ್ಟಿಯಲ್ಲಿ ಕೇಳಿದರೆ ಈ ವ್ಯತ್ಯಾಸ ಎಲ್ಲಿ ಗೊತ್ತಾಗಬೇಕು? ಲೈವ್ ಆಲ್ಬಮನ್ನು ತುಂಡು ಮಾಡಿ ಕೇಳಬಾರದು ಅಂತ ಈಗ ನಾನೇ ಹೇಳ್ತೀನಿ.

ಚಿಕ್ಕ ದನಿ ಅಂದಿದ್ದೆ. ಆ ಮಾತನ್ನು ವಾಪಸ್ ತಗೋತೀನಿ. ದನಿ ಚಿಕ್ಕದೇ, ಆದರೆ ದೊಡ್ಡ ದನಿಯವರು ಪದದ ಕೊನೆಯನ್ನು ಕಂಪಿಸುತ್ತಾ ಎಳೆಯುವ ಜಾಗದಲ್ಲಿ ಇವರು ಪದವನ್ನು ಅಲ್ಲೇ ಕೆಳಗಿಟ್ಟು ಕೈಗೆ ಬಿಟ್ಟುಕೊಡ್ತಾರೆ. ಉಳಿದ ಮಾತನ್ನು ಪಿಯಾನೊ ಹೇಳುತ್ತೆ. ಸಾರಾ ವಾನ್ ನನಗೆ ಈಗಲೂ ಮೊದಲಿಗರು, ಅದು ಬದಲಾಗಲ್ಲ. ಇವರಿಗೂ ಈಗ ಜಾಗ ಆಯ್ತು.

ಕಡಲತೀರದವಳು · ಮಂಗಳವಾರ, ಸಂಜೆ 5:15

ಸಂಜೆಮಲ್ಲಿಗೆ ಅಕ್ಕಾ, ಖುಷಿಯಾಯಿತು. ಆಟದಲ್ಲೂ ಹಾಗೇ, ಅಬ್ಬರದ ಯುದ್ಧದ ನಂತರವೇ ಶೋಕದ ಪದ ನಾಟುವುದು.

ಒಂದು ಪ್ರಶ್ನೆ. ಇವರು ಕೊನೆಯವರೆಗೂ ಹೀಗೇ ನುಡಿಸುತ್ತಾ ಹಾಡಿದರಾ?

ಪೊಟೊಮ್ಯಾಕ್_ಕನ್ನಡಿಗ · ಮಂಗಳವಾರ, ರಾತ್ರಿ 10:20

ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು, ಉತ್ತರ ಬರೆಯಲು ಮನಸ್ಸಿರಲಿಲ್ಲ. ಪೆಡಲ್ ಬಗ್ಗೆ ಕರಿಮನೆಯವರು ಬರೆದದ್ದನ್ನು ಓದಿದಾಗಿನಿಂದ ಇದೇ ತಲೆಯಲ್ಲಿದೆ.

ಹಾರ್ನ್‌ಗೆ ಸಕ್ಕರೆ ಕಾಯಿಲೆ ಇತ್ತು. 2001ರಲ್ಲಿ ಒಂದು ಪಾದ ಕತ್ತರಿಸಬೇಕಾಯ್ತು. ಬೆರಳುಗಳಿಗೆ ಏನೂ ಆಗಿರಲಿಲ್ಲ, ದನಿಯೂ ಇತ್ತು. ಆದರೆ ನೀವೆಲ್ಲ ಮೂರು ದಿನದಿಂದ ಮಾತಾಡ್ತಿರೋ ಆ ಪೆಡಲ್ ಒತ್ತುವುದು ಹೇಗೆ? ಅದೇ ವರ್ಷ ಚಾರ್ಲ್ಸ್ ಏಬಲ್ಸ್ ಕೂಡ ತೀರಿಕೊಂಡರು. ಎಡಬದಿಯಲ್ಲಿ ಮೂಲಸ್ವರ ಹಿಡಿದು ನಿಂತಿದ್ದವರು ಹೋದರು, ಕೆಳಗೆ ಕಾರ್ಡ್ ಹಿಡಿದಿಡುತ್ತಿದ್ದ ಪಾದ ಹೋಯಿತು.

2003ರಲ್ಲಿ ‘ಮೇ ದ ಮ್ಯೂಸಿಕ್ ನೆವರ್ ಎಂಡ್’ ಬಂತು. ಅದರಲ್ಲಿ ಅವರು ಹಾಡಿದ್ದಾರೆ, ಪಿಯಾನೊ ಬೇರೆಯವರದು. ಹೆಚ್ಚಿನವು ಜಾರ್ಜ್ ಮೆಸ್ಟರ್‌ಹೇಝಿ. ಎರಡು ಹಾಡಿಗೆ ಅಹ್ಮದ್ ಜಮಾಲ್ ಬಂದು ಕೂತರು, ಅವರ ಡೆಬ್ಯುಸಿ. ಮೆಸ್ಟರ್‌ಹೇಝಿ ಎಷ್ಟು ಸೂಕ್ಷ್ಮವಾಗಿ ಕಾಯ್ತಾರೆ ಅಂದರೆ ಒಂದೊಂದು ಕಡೆ ಹಾರ್ನ್ ಅವರೇ ನುಡಿಸ್ತಿದ್ದಾರೆ ಅನ್ನಿಸುತ್ತೆ. ಆದರೂ ಕೇಳಿ, ಮಾತು ಮತ್ತು ಕಾರ್ಡಿನ ನಡುವೆ ಕೂದಲೆಳೆಯಷ್ಟು ಜಾಗ ಇದೆ. ಅದು ಇನ್ನೊಬ್ಬ ಮನುಷ್ಯನ ಜಾಗ.

ಕರಿಮನೆ_ಬಿಳಿಮನೆ · ಮಂಗಳವಾರ, ರಾತ್ರಿ 11:05

ನನಗೆ ಇದು ಗೊತ್ತಿರಲಿಲ್ಲ. ಪಾದ ದುಡೀತಿರುತ್ತೆ ಅಂತ ಮೊನ್ನೆ ಬರೆದದ್ದು ನಾನೇ. ಈಗ ಆ ಸಾಲು ಓದೋಕಾಗ್ತಿಲ್ಲ.

ಧಾರವಾಡದ_ಕಿವಿ · ಬುಧವಾರ, ಬೆಳಿಗ್ಗೆ 6:50

ಅಲ್ಲಿಗೇ ಮುಗೀತೇನ್ರೀ? ಮತ್ತ ಪಿಯಾನೊ ಮುಟ್ಟಲೇ ಇಲ್ಲೇನು?

ಪೊಟೊಮ್ಯಾಕ್_ಕನ್ನಡಿಗ · ಬುಧವಾರ, ಸಂಜೆ 6:10

ಮುಟ್ಟಿದರು. ಕೃತಕ ಪಾದ ಹಾಕಿಸಿಕೊಂಡು ಮತ್ತೆ ಪಿಯಾನೊ ಮುಂದೆ ಕೂತರು. 2005ರ ಜನವರಿಯಲ್ಲಿ ನ್ಯೂಯಾರ್ಕಿನ ‘ಲ ಜಾಝ್ ಓ ಬಾರ್’ ಕ್ಲಬ್ಬಿನಲ್ಲಿ ತಾವೇ ನುಡಿಸುತ್ತಾ ಹಾಡಿದರು. ಆ ಕಛೇರಿಯ ಕೆಲವು ಹಾಡುಗಳು ‘ಬಟ್ ಬ್ಯೂಟಿಫುಲ್’ ಅನ್ನೋ ಸಂಕಲನದ ಕೊನೆಯಲ್ಲಿವೆ. ಅದೇ ವರ್ಷ ಅಕ್ಟೋಬರ್ 20ಕ್ಕೆ ಹೋದರು, 71 ವರ್ಷ.

ಫೋರ್ ಕ್ವೀನ್ಸ್ ಕೇಳಿದವರು ಅವನ್ನು ಅದರ ಬೆನ್ನಿಗೇ ಕೇಳಬೇಕು. ಮತ್ತೆ ಲೈವ್, ಮತ್ತೆ ಒಂದು ಚಿಕ್ಕ ಕೋಣೆ.

ಮಂದ್ರಸ್ಥಾಯಿ · ಬುಧವಾರ, ರಾತ್ರಿ 11:55

ಮನೆಯವರೆಲ್ಲ ಮಲಗಿದ ಮೇಲೆ ಹಾಕಿಕೊಂಡೆ. ದನಿ ಒಣಗಿದೆ, ಕೆಲವು ಕಡೆ ಮಾತೇ ಆಡಿದ ಹಾಗಿದೆ. ಕಾರ್ಡುಗಳು ಮೊದಲಿಗಿಂತ ಕಮ್ಮಿ. ಒಂದು ಕಡೆ ಕಾರ್ಡ್ ಒತ್ತಿ ಸುಮ್ಮನಾಗ್ತಾರೆ, ಅದು ಕರಗ್ತಾ ಹೋಗುತ್ತೆ, ಇನ್ನೇನು ಪೂರ್ತಿ ಹೋಯ್ತು ಅನ್ನೋವಾಗ ಮುಂದಿನ ಪದ ಬರುತ್ತೆ. ನಾನು ಎಣಿಸಿದೆ, ನನ್ನ ಎರಡು ಉಸಿರು.

ಕರಿಮನೆಯವರೇ, ನೀವು ಒಮ್ಮೆ ಕೇಳಿ. ಪೆಡಲ್ ಎಲ್ಲಿ ಬಿಟ್ಟರು ಅನ್ನೋದು ನಿಮ್ಮ ಕಿವಿಗೆ ಗೊತ್ತಾಗುತ್ತೆ. ನನಗೆ ಗೊತ್ತಾಗಲಿಲ್ಲ.